ಕೊಂಡಿಗಿಂತ ಮೊದಲು ಊಹೆ

ಪ್ರಶ್ನೆ: ಬದಿಯಡ್ಕ ಸಮೀಪದ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಮಳೆಯ ಕಾರಣ ರಜೆ ಘೋಷಣೆಯಾದ ದಿನ ಆನ್‌ಲೈನ್ ತರಗತಿಯಲ್ಲಿ ಲೋಲಕದ (ನೂಲಿಗೆ ತೂಗಬಿಟ್ಟ ಗುಂಡಿನ) ಸಿಮ್ಯುಲೇಶನ್, ಅಂದರೆ ಪರದೆಯ ಮೇಲಿನ ಅಣಕು ಪ್ರಯೋಗ ಕೊಟ್ಟು, ನೀವೇ ಕಂಡುಹಿಡಿಯಿರಿ ಎಂದೆ. ಮಕ್ಕಳು ಕಂಡ ಗುಂಡಿಗಳನ್ನೆಲ್ಲ ಒತ್ತಿ, ಕೊನೆಗೆ “ಸೂತ್ರ ಹೇಳಿ ಟೀಚರ್” ಎಂದರು. ಅನ್ವೇಷಣೆಯ ಮೂಲಕ ಕಲಿಯುವುದು ಆನ್‌ಲೈನ್‌ನಲ್ಲಿ ಸಾಧ್ಯವೇ?
– ಓರ್ವ ಅಧ್ಯಾಪಿಕೆ, ಕಾಸರಗೋಡು ಜಿಲ್ಲೆ

ಉತ್ತರ: ಖಂಡಿತ ಸಾಧ್ಯ. ಆದರೆ ಏನನ್ನು ಹುಡುಕಬೇಕೆಂದು ತಿಳಿಯದ ಮಕ್ಕಳು ಗುಂಡಿ ಒತ್ತುತ್ತಾ ಕೂರುವುದು ಸಹಜ. ಅವರಿಗೆ ಕೈಗೆಟಕುವ ಒಂದು ಪ್ರಶ್ನೆ ಬೇಕಿತ್ತು.

25 ಸೆಂಟಿಮೀಟರ್ ಉದ್ದದ ಲೋಲಕವನ್ನು ಸ್ವಲ್ಪವೇ ಓರೆಯಾಗಿಸಿ ಬಿಟ್ಟರೆ ಹತ್ತು ಆಂದೋಲನಗಳಿಗೆ (ಒಮ್ಮೆ ಹೋಗಿ ಮರಳಿ ಬಂದರೆ ಒಂದು ಆಂದೋಲನ) ಸುಮಾರು 10 ಸೆಕೆಂಡ್ ಬೇಕು. ಉದ್ದವನ್ನು 50 ಸೆಂಟಿಮೀಟರಿಗೆ ಏರಿಸಿದರೆ ಎಷ್ಟು ಬೇಕಾದೀತು? ಇಷ್ಟನ್ನೇ ಕೇಳಿ, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾರಣಸಹಿತ ಪುಸ್ತಕದಲ್ಲಿ ಬರೆದು ಆ ಪುಟದ ಫೋಟೋ ಕಳುಹಿಸಿದ ಮೇಲೆಯೇ ಸಿಮ್ಯುಲೇಶನ್‌ನ ಕೊಂಡಿಯನ್ನು ಕಳುಹಿಸಿ. ಹಲವರು 20 ಎಂದು ಬರೆದಾರು. ಪರದೆಯಲ್ಲಿ ಸಿಗುವುದು ಸುಮಾರು 14. ತಾನೇ ಬರೆದ ಸಂಖ್ಯೆ ತಪ್ಪಿದ್ದನ್ನು ಕಂಡ ಮಗು ಸುಮ್ಮನಿರಲಾರದು. ಹಾಗಾದರೆ 20 ಸೆಕೆಂಡ್ ಆಗಲು ಉದ್ದ ಎಷ್ಟಿರಬೇಕೆಂದು ಅವರೇ ಹುಡುಕಲಿ. ಉತ್ತರ 1 ಮೀಟರ್ ಎಂದು ಕಂಡಾಗ, ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು ಎಂಬ ಸಂಬಂಧ ಅವರ ಕೋಷ್ಟಕದಲ್ಲೇ ಮೂಡಿರುತ್ತದೆ. ವರ್ಗಮೂಲದ ಸೂತ್ರವನ್ನು ನೀವು ಆಮೇಲೆ ಬರೆದರೆ ಸಾಕು. ಗುಂಡಿನ ದ್ರವ್ಯರಾಶಿಯನ್ನು ಬದಲಿಸುವ ಸರದಿ ಅನಂತರದ್ದು, ಆಗ ಉದ್ದವನ್ನು ಮುಟ್ಟಬಾರದು.

ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಸಿಮ್ಯುಲೇಶನ್‌ಗಳು ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಮಳೆಗೆ ನೆಟ್‌ವರ್ಕ್ ಕೈಕೊಡುವ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ. ಅದರ ಲೋಲಕದಲ್ಲಿ ಭೂಮಿ, ಚಂದ್ರ, ಗುರುಗ್ರಹಗಳ ಜೊತೆಗೆ ಗುರುತ್ವ ತಿಳಿಸದ ‘ಎಕ್ಸ್’ ಎಂಬ ಗ್ರಹವೂ ಇದೆ. ಅಲ್ಲಿನ ಗುರುತ್ವವನ್ನು ಕಂಡುಹಿಡಿಯುವ ಕೆಲಸವನ್ನು ಎರಡನೆಯ ತರಗತಿಗೆ ಮೀಸಲಿಡಿ.

ಪರದೆಯಲ್ಲೇ ಪಾಠವನ್ನು ಮುಗಿಸಬೇಡಿರೆಂದು ಮಾತ್ರ ನನ್ನ ಒತ್ತಾಯದ ವಿನಂತಿ. ಮನೆಯಲ್ಲಿ ಒಂದು ಅಡಿಕೆಯನ್ನೋ ಕಲ್ಲನ್ನೋ ನೂಲಿಗೆ ಕಟ್ಟಿ ತೂಗಬಿಟ್ಟು, ಮೇಲಿನ ಗಂಟಿನಿಂದ ಅಡಿಕೆಯ ನಡುವಿನವರೆಗೆ ಅಳೆದು, ಫೋನಿನ ಗಡಿಯಾರ ಹಿಡಿದು ಎಣಿಸಲಿ. 50 ಸೆಂಟಿಮೀಟರ್ ಉದ್ದಕ್ಕೆ ಒಬ್ಬರಿಗೆ 13.6 ಸೆಕೆಂಡ್, ಇನ್ನೊಬ್ಬರಿಗೆ 14.5 ಬಂದರೆ ಯಾರನ್ನೂ ತಿದ್ದದೆ, ಏಕೆ ಹೀಗಾಯಿತು ಎಂದು ಕೇಳಿ. ಬೆರಳು ಒತ್ತುವಲ್ಲಿನ ತಡ, ಅಳತೆಯ ತಪ್ಪು, ಒಂದರ ಬದಲು ಹತ್ತು ಆಂದೋಲನಗಳನ್ನು ಎಣಿಸುವುದರ ಪ್ರಯೋಜನ ಇವೆಲ್ಲ ಚರ್ಚೆಗೆ ಬರುವುದು ಇಲ್ಲಿ.

ಆ ಚರ್ಚೆಯನ್ನು ಮೊದಲು ತುಳುವಿನಲ್ಲೋ ಹವ್ಯಕದಲ್ಲೋ ಮಲಯಾಳದಲ್ಲೋ, ಮನೆಯ ಮಾತಿನಲ್ಲೇ ಧ್ವನಿಮುದ್ರಿಸಿ ಕಳುಹಿಸಲು ಬಿಡಿ. ಮಾತು ಬಾರದೆಂದು ಸುಮ್ಮನಿರುವ ಮಕ್ಕಳು ಆಗ ಕಾರಣ ಹೇಳತೊಡಗುತ್ತಾರೆ. ಅದನ್ನೇ ಉದ್ದ, ದ್ರವ್ಯರಾಶಿ, ಆಂದೋಲನ ಎಂಬ ಪಠ್ಯದ ಪದಗಳಲ್ಲಿ ಮರುದಿನ ಬರೆಯಿಸಬಹುದು.