ಇರಾನಿನವರಿಗೆ ಇಂಗ್ಲಿಷಿನ ಬಣ್ಣದ ಜೋಡಿಪದ ಕಲಿಸೋದು ಹೇಗೆ?

ನಿಮ್ಮ ಇರಾನಿ ವಿದ್ಯಾರ್ಥಿನಿಗೆ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರೆಲ್ಲ ಗೊತ್ತು, ಆದರೂ ಗೋಲ್ಡ್ ಫಿಶ್‌ಗೆ ‘ರೆಡ್ ಫಿಶ್’ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೈಸೂರಿಗೆ ಓದಲು ಬರುವ ಇರಾನಿ ಹುಡುಗ ಹುಡುಗಿಯರಿಗೆ ನಾನೂ ಇಂಗ್ಲಿಷ್ ಹೇಳಿಕೊಡುತ್ತೇನೆ. ಆ ಮೀನು ನನಗೂ ಪರಿಚಯ.

ಅವರ ಹೊಸವರ್ಷದ ನೌರೂಜ್ ಹಬ್ಬಕ್ಕೆ ಗಾಜಿನ ಬಟ್ಟಲಲ್ಲಿ ಇಡುವ ಆ ಮೀನಿಗೆ ಅವರ ಭಾಷೆ ಪರ್ಷಿಯನ್‌ನಲ್ಲಿ ‘ಮಾಹಿಯೆ ಗೆರ್ಮೆಜ್’, ಅಂದರೆ ಕೆಂಪು ಮೀನು ಅಂತಲೇ ಹೆಸರು. ಹಾಗಾಗಿ ಬಣ್ಣಗಳ ಪಟ್ಟಿಯನ್ನು ಮತ್ತೆ ಬಾಯಿಪಾಠ ಮಾಡಿಸಿ ಉಪಯೋಗವಿಲ್ಲ. ಜೋಡಿಯನ್ನು ಬಿಡಿಸದೆ, ಒಂದೇ ಪದದ ಹಾಗೆ ಕಲಿಸಿ.

ಬ್ಲ್ಯಾಕ್ ಮಾರ್ಕೆಟ್, ಬ್ಲ್ಯಾಕ್ ಲಿಸ್ಟ್, ವೈಟ್ ಹೌಸ್‌ಗೆ ಜಾಸ್ತಿ ಸಮಯ ಬೇಡ. ಅವರಲ್ಲೂ ಅದೇ ಬಣ್ಣ. ‘ಬಾಜಾರೆ ಸಿಯಾಹ್’ ಅಂದರೆ ಕಾಳಸಂತೆಯೇ. ಅವರು ಮೊದಲು ವಸ್ತು, ಆಮೇಲೆ ಬಣ್ಣ ಹೇಳುವವರು. ಆ ಕ್ರಮ ತಿರುಗಿಸಲು ಶುರುವಿನಲ್ಲಿ ಸ್ವಲ್ಪ ಒದ್ದಾಡುತ್ತಾರೆ, ಅಷ್ಟೇ.

ತೊಡಕಿರುವುದು ಬಣ್ಣವೇ ಬದಲಾಗುವ ಕಡೆ. ‘ಬ್ಲ್ಯಾಕ್ ಐ’ ಅಂದರೆ ಗುದ್ದು ತಿಂದ ಕಣ್ಣು. ಪರ್ಷಿಯನ್‌ನಲ್ಲಿ ಅಂಥ ಕಣ್ಣು ‘ಕಬೂದ್’, ಒಂಥರಾ ಕಡುನೀಲಿ. ಅವರ ಕವಿತೆಗಳಲ್ಲಿ ಕಪ್ಪು ಕಣ್ಣು ಚೆಲುವೆಯದು. ಹೊಗಳಲು ಹೋಗಿ ‘ಶೀ ಹ್ಯಾಸ್ ಎ ಬ್ಲ್ಯಾಕ್ ಐ’ ಅಂದುಬಿಟ್ಟರೆ ಕಷ್ಟ ಅಲ್ವಾ? ‘ಡಾರ್ಕ್ ಐಸ್’ ಅಥವಾ ‘ಬ್ರೌನ್ ಐಸ್’ ಅಭ್ಯಾಸ ಮಾಡಿಸಿ. (ನಮ್ಮವರಿಗೂ ಇದು ಬೇಕು.) ಅಡುಗೆಮನೆಯಲ್ಲೂ ಹೀಗೇ. ಎಣ್ಣೆಯಲ್ಲಿ ಕರಿಯುವುದಕ್ಕೆ ಅವರ ಮಾತು ‘ಸೊರ್ಖ್ ಕರ್ದನ್’, ಕೆಂಪಗೆ ಮಾಡು ಅಂತ. ಇಂಗ್ಲಿಷ್ ರೆಸಿಪಿಯಲ್ಲಿ ಈರುಳ್ಳಿ ‘ಗೋಲ್ಡನ್ ಬ್ರೌನ್’ ಆಗಬೇಕು. ಒಂದು ರೆಸಿಪಿ ಕೊಟ್ಟು ಜೋರಾಗಿ ಓದಿಸಿ. ಸುಮ್ನೆ ಪಟ್ಟಿ ಕೊಡುವುದಕ್ಕಿಂತ ಇದು ಚೆನ್ನಾಗಿ ನಿಲ್ಲುತ್ತದೆ.

ಇನ್ನು ಕೆಲವಕ್ಕೆ ಅವರಲ್ಲಿ ಬಣ್ಣವೇ ಇಲ್ಲ. ‘ವೈಟ್ ಲೈ’ ತಗೊಳ್ಳಿ. ಅದಕ್ಕೆ ಹತ್ತಿರದ್ದು ‘ದೊರೂಗೆ ಮಸ್ಲಹತ್ ಆಮೀಜ್’, ಒಳಿತಿಗಾಗಿ ಹೇಳಿದ ಸುಳ್ಳು. ಪರ್ಷಿಯನ್ ಕವಿ ಸಾದಿ 1258ರಲ್ಲಿ ಬರೆದ ‘ಗುಲಿಸ್ತಾನ್’ ಪುಸ್ತಕದ ಮೊದಲ ಕಥೆಯಲ್ಲೇ ಇದು ಬರುತ್ತದೆ. ಮರಣದಂಡನೆಯಾದ ಕೈದಿ ರಾಜನನ್ನು ಬೈಯುತ್ತಾನೆ. ಏನಂದ ಅಂತ ರಾಜ ಕೇಳಿದಾಗ ಮಂತ್ರಿಯೊಬ್ಬ, ಕೋಪ ನುಂಗಿ ಕ್ಷಮಿಸುವವರನ್ನು ಹೊಗಳುತ್ತಿದ್ದಾನೆ ಅನ್ನುತ್ತಾನೆ. ಕೈದಿಯ ಜೀವ ಉಳಿಯುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ಈ ಕಥೆ ಗೊತ್ತಿರಬಹುದು. ಅವರ ಕೈಲೇ ಇಂಗ್ಲಿಷಿನಲ್ಲಿ ಹೇಳಿಸಿ, ಮಂತ್ರಿಯ ಮಾತು ಬಂದಾಗ ‘ವೈಟ್ ಲೈ’ ಸೇರಿಸಿಕೊಡಿ.

‘ಗ್ರೀನ್ ವಿತ್ ಎನ್ವಿ’ (ತುಂಬಾ ಹೊಟ್ಟೆಕಿಚ್ಚು) ತರಹದವು ಸದ್ಯಕ್ಕೆ ಬೇಡ. ಮೊದಲು ಅಂಗಡಿ, ಅಡುಗೆ, ಆಸ್ಪತ್ರೆಯಲ್ಲಿ ಬೇಕಾಗುವವು ಬಾಯಿಗೆ ಬರಲಿ.