ಪಾರ್ಕಿಂಗ್‌ನಲ್ಲಿ ಸ್ಟಾರ್ಟ್ ಆಗದ ಕಾರು ನ್ಯೂಟ್ರಲ್‌ನಲ್ಲಿ ಆಗುವುದೇಕೆ?

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು. ಕೆಲಸದ ನಿಮಿತ್ತ ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಓಡಾಡುತ್ತೇನೆ. ಮಳೆಗಾಲ ಶುರುವಾದಾಗಿನಿಂದ ಲಿವರ್ ‘ಪಿ’ಯಲ್ಲಿರುವಾಗ ಕೀ ತಿರುಗಿಸಿದರೆ ಒಮ್ಮೊಮ್ಮೆ ಸೆಲ್ಫ್ ಹೊಡೆಯುವುದೇ ಇಲ್ಲ, ‘ಎನ್’ಗೆ ತಂದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಮೀಟರಿನಲ್ಲಿ ಗೇರಿನ ಅಕ್ಷರ ಆಗಾಗ ಮಾಯವಾಗುತ್ತದೆ, ರಿವರ್ಸ್ ಲೈಟೂ ಕೈಕೊಡುತ್ತದೆ. ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಎಂದರು; ಇನ್ನೊಬ್ಬರು ವೈರ್ ಡೈರೆಕ್ಟ್ ಮಾಡಿದರೆ ಸಾಕು ಎಂದರು. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ನೀವು ಹೇಳಿದ ಮೂರು ಲಕ್ಷಣಗಳೂ ಒಂದೇ ಭಾಗದತ್ತ ಬೆರಳು ತೋರುತ್ತವೆ. ಲಿವರ್ ಯಾವ ಸ್ಥಾನದಲ್ಲಿದೆ ಎಂಬುದನ್ನು ಗೇರ್‌ಬಾಕ್ಸಿನ ಕಂಪ್ಯೂಟರಿಗೆ ತಿಳಿಸುವ, ‘ಪಿ’ ಮತ್ತು ‘ಎನ್’ಗಳಲ್ಲಿ ಮಾತ್ರ ಸೆಲ್ಫಿಗೆ ಅನುಮತಿ ಕೊಡುವ, ಅನೇಕ ಮಾದರಿಗಳಲ್ಲಿ ರಿವರ್ಸ್ ಲೈಟನ್ನೂ ಹೊತ್ತಿಸುವ ಸೆನ್ಸರ್ ಸ್ವಿಚ್ ಅದು. ಬಹುಪಾಲು ಕಾರುಗಳಲ್ಲಿ ಅದು ಗೇರ್‌ಬಾಕ್ಸಿನ ಹೊರಮೈಯಲ್ಲಿ, ಲಿವರಿನಿಂದ ಬರುವ ಕೇಬಲ್ ಕೂಡುವ ಜಾಗದಲ್ಲೇ ಇರುತ್ತದೆ. ಒಳಗಡೆ ಇರುವ ಮಾದರಿಗಳು ಕೆಲವು ಮಾತ್ರ. ‘ಎನ್’ನಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುತ್ತಿದೆ ಎಂದರೆ ಬ್ಯಾಟರಿ ಮತ್ತು ಸ್ಟಾರ್ಟರ್ ಮೋಟಾರಿನ ಮೇಲೆ ಸಂಶಯಪಡಲು ಹೆಚ್ಚು ಕಾರಣವಿಲ್ಲ.

ಆದರೂ ಸ್ವಿಚ್ಚೇ ಕೆಟ್ಟಿದೆ ಎಂದು ಕೂಡಲೇ ಹೊಸದು ತರಬೇಡಿ. ಕೇಬಲ್ ಸಡಿಲವಾಗಿದ್ದರೂ, ಕನೆಕ್ಟರಿನಲ್ಲಿ ಕಿಲುಬು ಹಿಡಿದಿದ್ದರೂ ಇದೇ ಲಕ್ಷಣಗಳು ಕಾಣುತ್ತವೆ. ಮೊದಲ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕನ್ನು ಗಟ್ಟಿಯಾಗಿ ತುಳಿದುಕೊಂಡು, ‘ಪಿ’ಯಲ್ಲಿ ಕೀ ತಿರುಗಿಸಿ ಹಿಡಿದಿರುವಾಗಲೇ ಲಿವರನ್ನು ಅದೇ ಸ್ಥಾನದೊಳಗೆ ಸ್ವಲ್ಪವೇ ಹಿಂದೆ ಮುಂದೆ ಅಲುಗಾಡಿಸಿ. ಆಗ ಸೆಲ್ಫ್ ಹೊಡೆದರೆ ಕೇಬಲಿನ ಬುಷ್ ಸವೆದಿರುವ, ಇಲ್ಲವೇ ಸ್ವಿಚ್ ಕೂತ ಜಾಗದಿಂದ ಜರುಗಿರುವ ಸಾಧ್ಯತೆ ಹೆಚ್ಚು.

ನಿಜವಾದ ತೀರ್ಮಾನ ಸಿಗುವುದು ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರಿನಲ್ಲಿ. ಪಿ0705 ಅಥವಾ ಪಿ0706 ಎಂಬ ಕೋಡ್ ಬಂದರೂ ಅದು ದೋಷವಿರುವ ಸರ್ಕ್ಯೂಟನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಆದ್ದರಿಂದ ಕೋಡ್ ನೋಡಿ ಸುಮ್ಮನಾಗದೆ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಗೇರಿನ ಸ್ಥಾನವನ್ನು ತೋರಿಸುವಂತೆ ಮೆಕ್ಯಾನಿಕರನ್ನು ಕೇಳಿ. ಲಿವರನ್ನು ‘ಪಿ’ಯಿಂದ ‘ಡಿ’ವರೆಗೆ, ಪ್ರತಿ ಸ್ಥಾನದಲ್ಲೂ ತುಸು ನಿಂತು, ನಿಧಾನವಾಗಿ ತನ್ನಿ. ನೀವು ‘ಆರ್’ನಲ್ಲಿಟ್ಟಾಗ ಪರದೆ ‘ಎನ್’ ಎಂದರೆ ಹೊಂದಾಣಿಕೆ ತಪ್ಪಿದೆ. ಯಾವಾಗಲೂ ಒಂದೇ ಸ್ಥಾನದಲ್ಲಿ ಅಕ್ಷರ ಅಳಿಸಿಹೋದರೆ ಸ್ವಿಚ್ಚಿನೊಳಗೆ ಆ ಸ್ಥಾನದ ಕಾಂಟ್ಯಾಕ್ಟ್ ಸವೆದಿರಬಹುದು. ಲಿವರ್ ಮುಟ್ಟದೆ, ಬರೀ ವೈರಿಂಗನ್ನು ಕೈಯಿಂದ ಅಲುಗಿಸಿದಾಗ ಅಕ್ಷರ ಬಂದು ಹೋಗಿ ಮಾಡಿದರೆ ಕನೆಕ್ಟರನ್ನು ಬಿಚ್ಚಿ ನೋಡಬೇಕು.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಸಂಶಯವಿರುವುದು ಈ ಕನೆಕ್ಟರಿನ ಮೇಲೆಯೇ. ಅದಿರು ಲಾರಿಗಳು ಓಡಾಡುವ ರಸ್ತೆಯ ಕೆಂಪು ದೂಳು ಕಾರಿನ ತಳದಲ್ಲೆಲ್ಲ ಮೆತ್ತಿಕೊಳ್ಳುತ್ತದೆ. ಅದನ್ನು ತೊಳೆಸಲು ಜೋರು ಪ್ರೆಷರಿನ ನೀರು ಹೊಡೆಸುತ್ತೇವೆ. ನಮ್ಮ ಕಡೆಯ ಬೇಸಿಗೆಗೆ ಗಡುಸಾದ ರಬ್ಬರ್ ಸೀಲಿನ ಸಂದಿಯಿಂದ ಆ ನೀರು ಒಳಗಿಳಿಯುತ್ತದೆ. ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಬ್ಯಾಟರಿ ವೈರ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಿಸಿ. ಉಜ್ಜುಕಾಗದದಿಂದ ಉಜ್ಜಿದರೆ ಪಿನ್ನಿನ ಲೇಪನ ಹೋಗಿ ಕಿಲುಬು ಇನ್ನೂ ಬೇಗ ಮರಳುತ್ತದೆ.

ಸ್ವಿಚ್ಚನ್ನು ಬಿಗಿದ ಬೋಲ್ಟ್ ಸಡಿಲಿಸಿದರೆ, ಹೊಸದಾಗಲಿ ಹಳೆಯದಾಗಲಿ, ‘ಎನ್’ನಲ್ಲಿಟ್ಟು ಗುರುತಿಗೆ ಗುರುತು ಕೂಡಿಸಿಯೇ ಬಿಗಿಯಬೇಕು. ಇಷ್ಟು ಮಾಡದಿದ್ದರೆ ಹೊಸ ಸ್ವಿಚ್ಚೂ ಹಳೆಯ ತೊಂದರೆಯನ್ನೇ ಕೊಡುತ್ತದೆ. ಕೆಲಸ ಮುಗಿದ ಮೇಲೆ, ಬ್ರೇಕ್ ತುಳಿದುಕೊಂಡೇ, ‘ಆರ್’ ಮತ್ತು ‘ಡಿ’ಗಳಲ್ಲಿ ಸೆಲ್ಫ್ ಹೊಡೆಯುವುದಿಲ್ಲ ಎಂಬುದನ್ನು ನಿಮ್ಮೆದುರೇ ಪರೀಕ್ಷೆ ಮಾಡಿಸಿಕೊಳ್ಳಿ.

ವೈರ್ ಡೈರೆಕ್ಟ್ ಮಾಡುವುದಕ್ಕೆ, ಅಂದರೆ ಈ ಸ್ವಿಚ್ಚನ್ನು ತಪ್ಪಿಸಿ ವೈರುಗಳನ್ನು ನೇರವಾಗಿ ಕೂಡಿಸುವುದಕ್ಕೆ ಮಾತ್ರ ಖಂಡಿತ ಒಪ್ಪಬೇಡಿ. ಹಾಗೆ ಮಾಡಿದ ಕಾರು ‘ಡಿ’ಯಲ್ಲೂ ‘ಆರ್’ನಲ್ಲೂ ಸ್ಟಾರ್ಟ್ ಆಗಿ, ಮುಂದೆಯೋ ಹಿಂದೆಯೋ ಮಗು ನಿಂತಿದ್ದರೂ ಗೋಡೆಯಿದ್ದರೂ ನುಗ್ಗಿಬಿಡಬಹುದು.

ಪ್ರಶ್ನೆ: ನನ್ನ ಮ್ಯಾನ್ಯುವಲ್ ಗೇರಿನ ಕಾರಿನಲ್ಲಿ ರಿವರ್ಸ್ ಲೈಟ್ ಹೊತ್ತುತ್ತಿಲ್ಲ. ಬಲ್ಬ್, ಫ್ಯೂಸ್ ಸರಿಯಿವೆ. ಇಲ್ಲಿಯೂ ಇಂಥದೇ ಸ್ವಿಚ್ ಇರುತ್ತದೆಯೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಇರುತ್ತದೆ, ಆದರೆ ಇದು ಸಾಮಾನ್ಯವಾಗಿ ಗೇರ್‌ಬಾಕ್ಸಿಗೆ ತಿರುಪಿ ಕೂರಿಸಿದ, ಎರಡು ಪಿನ್ನಿನ ಸಣ್ಣ ಸ್ವಿಚ್. ಇಗ್ನಿಷನ್ ಆನ್ ಮಾಡಿ, ಅದರ ಕನೆಕ್ಟರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಕ್ಷಣಕಾಲ ಕೂಡಿಸಿ. ಈ ಸ್ವಿಚ್ಚಿಗೂ ಸೆಲ್ಫಿಗೂ ಸಂಬಂಧವಿಲ್ಲದ ಕಾರಣ ಪರೀಕ್ಷೆಗಾಗಿ ಹೀಗೆ ಮಾಡಿದರೆ ಅಪಾಯವಿಲ್ಲ. ಲೈಟ್ ಹೊತ್ತಿದರೆ ಸ್ವಿಚ್ ಕೆಟ್ಟಿದೆ, ಹೊತ್ತದಿದ್ದರೆ ವೈರಿಂಗ್ ಹುಡುಕಬೇಕು. ಸ್ವಿಚ್ ಬಿಚ್ಚಿದಾಗ ಗೇರ್ ಆಯಿಲ್ ಸೋರುವುದುಂಟು. ಹೊಸ ಸ್ವಿಚ್ ಮತ್ತು ವಾಷರನ್ನು ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ತಿರುಪಿ ತೆಗೆದು, ತಕ್ಷಣ ಹೊಸದನ್ನು ಕೂರಿಸಿ, ಆಮೇಲೆ ಆಯಿಲ್ ಮಟ್ಟವನ್ನು ನೋಡಿಸಿ.