ಹೆಂಗಸರನ್ನು ಕೇಳುವುದು ಪಕ್ಷಪಾತವೇ?

ಪ್ರಿಯ ಓದುಗರೇ,

ಧರ್ಮದ ಅಧ್ಯಯನ ಕುರಿತ ನಮ್ಮ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ‘ಧರ್ಮವನ್ನು ಓದುವವರು ಯಾರ ಪಕ್ಷವನ್ನೂ ವಹಿಸಬಾರದು. ಸ್ತ್ರೀವಾದಿಗಳು ಮೊದಲೇ ಒಂದು ನಿಲುವು ಇಟ್ಟುಕೊಂಡು ಬರುತ್ತಾರೆ. ಅದು ಚಳವಳಿ ಆದೀತೇ ಹೊರತು ವಿದ್ವತ್ತು ಹೇಗಾಗುತ್ತದೆ?’ ಎಂದು ಕೇಳಿದ್ದೀರಿ. ನಂಬಿಕೆಯುಳ್ಳವರಿಗೆ ಇದರಲ್ಲಿ ಜಾಗ ಇದೆಯೇ ಎಂದೂ ಕೇಳಿದ್ದೀರಿ.

ಸ್ತ್ರೀವಾದಿಗಳು ಬರುವ ಮೊದಲು ಈ ಅಧ್ಯಯನ ಯಾರ ಪಕ್ಷವನ್ನೂ ವಹಿಸಿರಲಿಲ್ಲವೇ? ಅಲ್ಲಿಂದಲೇ ಶುರು ಮಾಡೋಣ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1912ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ಆಚರಣೆಗಳನ್ನು ಮುಂದಿಟ್ಟುಕೊಂಡು ಧರ್ಮದ ಬಗ್ಗೆಯೇ ದೊಡ್ಡ ಸಿದ್ಧಾಂತ ಕಟ್ಟಿದರು. ಅವರು ಆಸ್ಟ್ರೇಲಿಯಕ್ಕೆ ಕಾಲಿಟ್ಟವರಲ್ಲ. ಬೇರೆಯವರ ವರದಿಗಳನ್ನೇ ನೆಚ್ಚಿಕೊಂಡಿದ್ದರು. ಪವಿತ್ರ ವಸ್ತುಗಳನ್ನು ಮುಟ್ಟಬಾರದವರ ಸಾಲಿನಲ್ಲಿ ಅವರ ಪುಸ್ತಕ ಹೆಂಗಸರನ್ನು ನಿಲ್ಲಿಸುತ್ತದೆ. ಆ ವರದಿಗಳನ್ನು ಬರೆದವರು ಬಹುತೇಕ ಗಂಡಸರು, ಅವರಿಗೆ ಹೇಳಿದವರೂ ಹೆಚ್ಚಾಗಿ ಗಂಡಸರೇ. ಆಮೇಲೆ ಮಾನವಶಾಸ್ತ್ರಜ್ಞೆ ಫಿಲಿಸ್ ಕ್ಯಾಬೆರಿ ವಾಯವ್ಯ ಆಸ್ಟ್ರೇಲಿಯದ ಕಿಂಬರ್ಲಿಗೆ ಹೋಗಿ ಹೆಂಗಸರ ಜೊತೆ ಓಡಾಡಿದರು. ಹೆಂಗಸರಿಗೆ ಅವರದೇ ಗುಟ್ಟಿನ ಆಚರಣೆಗಳಿದ್ದವು, ಗಂಡಸರಿಗೆ ಅಲ್ಲಿ ಪ್ರವೇಶ ಇರಲಿಲ್ಲ! 1939ರ ತಮ್ಮ ಪುಸ್ತಕದಲ್ಲಿ ಅವರು ಇದನ್ನೆಲ್ಲ ದಾಖಲಿಸಿದರು. ಗಂಡಸರನ್ನಷ್ಟೇ ಕೇಳಿ ಬರೆದದ್ದನ್ನು ಇಡೀ ಸಮುದಾಯದ ಧರ್ಮ ಎಂದುಬಿಟ್ಟರೆ ಅದೂ ಒಂದು ಪಕ್ಷವೇ ಅಲ್ವಾ? 1970ರ ದಶಕದಲ್ಲಿ ಅಮೆರಿಕದ ಸ್ತ್ರೀವಾದಿ ಧರ್ಮವಿದ್ವಾಂಸೆ ರೀಟಾ ಗ್ರಾಸ್ ಎತ್ತಿದ ಆಕ್ಷೇಪವೂ ಇದೇ. ಧರ್ಮದ ಬಗ್ಗೆ ಬರೆಯುವವರು ‘ಮನುಷ್ಯ’ ಎಂದಾಗ ಅವರ ಕಣ್ಣ ಮುಂದಿರುವುದು ಗಂಡಸು ಮಾತ್ರ ಎಂದು ಅವರು ತೋರಿಸಿದರು.

ಹಾಗಂತ ಸ್ತ್ರೀವಾದಿಗಳು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅವರ ತಪ್ಪನ್ನು ಎತ್ತಿ ತೋರಿಸಿದವರು ಅವರೊಳಗೇ ಇದ್ದಾರೆ. ಮಾನವಶಾಸ್ತ್ರಜ್ಞೆ ಸಬಾ ಮಹಮೂದ್ ಈಜಿಪ್ಟಿನ ಕೈರೋದ ಮಸೀದಿಗಳಲ್ಲಿ ಕುರಾನ್ ಕಲಿಯುವ, ಕಲಿಸುವ ಹೆಂಗಸರ ಜೊತೆ ಕೂತು ಕೇಳಿದರು. ಆ ಹೆಂಗಸರದು ಬಂಡಾಯ ಅಲ್ಲ. ನಮಾಜು, ನಾಚಿಕೆ, ತಾಳ್ಮೆಗಳಿಂದ ತಮ್ಮನ್ನು ತಾವೇ ತಿದ್ದಿಕೊಳ್ಳುವ ಸಾಧನೆ. ಎದುರು ನಿಂತವಳಿಗೆ ಮಾತ್ರ ಸ್ವಂತ ಬುದ್ಧಿ ಇದೆ ಎಂಬ ಸ್ತ್ರೀವಾದಿ ಲೆಕ್ಕಾಚಾರದಲ್ಲಿ ಈ ಹೆಂಗಸರು ಸುಮ್ನೆ ಮೋಸಹೋದವರಾಗಿ ಕಾಣುತ್ತಾರೆ. 2005ರಲ್ಲಿ ಬಂದ ಮಹಮೂದರ ಪುಸ್ತಕ ಆ ಲೆಕ್ಕಾಚಾರವನ್ನೇ ಅಲುಗಾಡಿಸಿತು. ತನ್ನ ಮೂಲ ನಂಬಿಕೆಯನ್ನೇ ಹೀಗೆ ಪರೀಕ್ಷೆಗೆ ಒಡ್ಡುವ ಓದನ್ನು ಬರೀ ಚಳವಳಿ ಎಂದು ತಳ್ಳಿಹಾಕಲು ನನ್ನಿಂದಾಗದು.

ಇನ್ನು ನಂಬಿಕೆಯ ಮಾತು. ಕ್ಯಾಥೊಲಿಕಳಾಗಿ ಬೆಳೆದ ಸ್ತ್ರೀವಾದಿ ಚಿಂತಕಿ ಮೇರಿ ಡೇಲಿ ಕೊನೆಗೆ ಚರ್ಚಿನಿಂದ ಹೊರನಡೆದರು. ಯಹೂದಿ ವಿದ್ವಾಂಸೆ ಜೂಡಿತ್ ಪ್ಲಾಸ್ಕೋ ಹಾಗೆ ಮಾಡಲಿಲ್ಲ. ಯಹೂದಿಗಳ ಧರ್ಮಗ್ರಂಥದಲ್ಲಿ, ಸಿನಾಯ್ ಬೆಟ್ಟದ ಬಳಿ ದೇವರ ಒಡಂಬಡಿಕೆಗೆ ಸಿದ್ಧರಾಗಿ ಎಂದು ಪ್ರವಾದಿ ಮೋಶೆ ಜನರಿಗೆ ಹೇಳುತ್ತಾನೆ. ಆ ಮಾತಿನಲ್ಲಿ ‘ಹೆಂಗಸಿನ ಹತ್ತಿರ ಹೋಗಬೇಡಿ’ ಎಂಬ ಎಚ್ಚರಿಕೆಯೂ ಇದೆ. ಅಂದರೆ ಅದು ಗಂಡಸರಿಗೆ ಹೇಳಿದ ಮಾತು. ಆ ಗಳಿಗೆಯಲ್ಲಿ ಹೆಂಗಸರು ಎಲ್ಲಿದ್ದರು? 1990ರ ತಮ್ಮ ಪುಸ್ತಕದಲ್ಲಿ ಪ್ಲಾಸ್ಕೋ ಇದನ್ನೇ ಕೇಳುತ್ತಾರೆ. ನಾವೂ ಅಲ್ಲಿದ್ದೆವು, ಒಡಂಬಡಿಕೆ ನಮ್ಮದೂ ಹೌದು ಎಂಬ ಹಕ್ಕಿನಿಂದ ಕೇಳುತ್ತಾರೆ.

– ಸಂಪಾದಕ